ಉದ್ದ ಆಯುಧ ಹಿಡಿದರೆ ಸಾಲದು, ಮನೆ ಎಣಿಸಬೇಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ದಾಳದ ಪಾತ್ರಾಭಿನಯ ಆಟದಲ್ಲಿ ಮೊದಲ ಸಲ ಹ್ಯಾಲ್ಬರ್ಡ್ (ಉದ್ದ ಕೋಲಿನ ತುದಿಗೆ ಕೊಡಲಿಯಂಥ ಅಲಗು) ಹಿಡಿದ ಪಾತ್ರ ಮಾಡಿಕೊಂಡಾಗ ನನಗೊಂದು ಭ್ರಮೆ ಇತ್ತು. ಇಷ್ಟುದ್ದದ ಆಯುಧ ಕೈಲಿದ್ದರೆ ನನ್ನನ್ನು ದಾಟಿ ಒಬ್ಬನೂ ಹೋಗಲಾರ ಅಂತ. ಮೂರನೇ ರೌಂಡಿಗೇ ಒಬ್ಬ ಓರ್ಕ್, ಅಂದರೆ ರಾಕ್ಷಸನಂಥ ಶತ್ರು, ನನ್ನ ಪಕ್ಕದಲ್ಲೇ ಸುತ್ತಿಕೊಂಡು ಹೋಗಿ, ಹಿಂದೆ ನಿಂತಿದ್ದ ನಮ್ಮ ಮಾಂತ್ರಿಕನನ್ನು ಕೊಡಲಿಯಿಂದ ಕೆಡವಿದ. ನಾನು ಖುಷಿಯಿಂದ ದಾಳ ಎತ್ತಿಕೊಂಡಿದ್ದೆ. ‘ಕೆಳಗಿಡು, ನಿನಗೆ ಹೊಡೆತ ಇಲ್ಲ’ ಅಂದ ಡಿಎಂ, ಅಂದರೆ ಆಟ ನಡೆಸುವವನು. ಅವನು ಹೇಳಿದ್ದು ಸರಿಯೇ. ನನ್ನ ಕೈಲಿ ಮಾಮೂಲಿ ಕತ್ತಿ ಇದ್ದಿದ್ದರೆ ಹೊಡೆತ ಸಿಗುತ್ತಿತ್ತು. ಹ್ಯಾಲ್ಬರ್ಡ್ ಇದ್ದದ್ದಕ್ಕೇ ತಪ್ಪಿಹೋಯಿತು.

ಅದು ಹೇಗೆ ಅಂತ ಅರ್ಥವಾದರೆ ಉದ್ದ ಆಯುಧದ ಮುಕ್ಕಾಲು ಪಾಲು ವಿದ್ಯೆ ಬಂದ ಹಾಗೆ. ಇಲ್ಲಿ ಹೇಳುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ, ಅಂದರೆ 2014ರ ಪುಸ್ತಕದ ನಿಯಮ. ಬೇರೆ ಪುಸ್ತಕದ ವಿಷಯ ಬಂದಾಗ ಅಲ್ಲೇ ಹೇಳುತ್ತೇನೆ.

ಮೊದಲು ಲೆಕ್ಕ

ಮ್ಯಾಪಿನ ಒಂದು ಮನೆ ಅಂದರೆ 5 ಅಡಿ. ಕತ್ತಿ, ಗದೆ, ಕೊಡಲಿ ಎಲ್ಲ ಪಕ್ಕದ ಮನೆಗಷ್ಟೇ ಮುಟ್ಟುತ್ತವೆ. ಹ್ಯಾಲ್ಬರ್ಡ್, ಗ್ಲೇವ್ (ಕೋಲಿನ ತುದಿಗೆ ಕತ್ತಿ), ಪೈಕ್ (ಉದ್ದನೆಯ ಭರ್ಜಿ), ಚಾವಟಿ ಇವು 10 ಅಡಿ, ಅಂದರೆ ಎರಡನೇ ಮನೆಯವರೆಗೂ ಹೋಗುತ್ತವೆ. ಪಕ್ಕದ ಮನೆಯಲ್ಲಿ ಇರುವವನನ್ನೂ ಧಾರಾಳವಾಗಿ ಹೊಡೆಯಬಹುದು. ಕುದುರೆ ಸವಾರರ ಭರ್ಜಿ ಲ್ಯಾನ್ಸ್ ಮಾತ್ರ ಬೇರೆ: ಅದರಲ್ಲಿ ಪಕ್ಕದವನನ್ನು ಹೊಡೆಯಲು ಹೋದರೆ ಡಿಸ್‌ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಹಾಕಿ ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕು. ಸಾಮಾನ್ಯ ಮನುಷ್ಯ ಪಾತ್ರದ ವೇಗ 30 ಅಡಿ, ಆರು ಮನೆ.

ಈಗ ಬಿಟ್ಟಿ ಏಟು, ಅಂದರೆ ಆಪರ್ಚುನಿಟಿ ಅಟ್ಯಾಕ್. ನಿಮ್ಮ ಕಣ್ಣಿಗೆ ಕಾಣುವ ಶತ್ರು ನಿಮ್ಮ ರೀಚ್‌ನಿಂದ, ಅಂದರೆ ನಿಮ್ಮ ಆಯುಧ ಮುಟ್ಟುವಷ್ಟು ಜಾಗದಿಂದ, ಹೊರಗೆ ಹೋಗುವಾಗ ಮಾತ್ರ ಇದು ಸಿಗುತ್ತದೆ. ಒಳಗೆ ಬರುವಾಗ ಇಲ್ಲ. ಒಳಗೇ ಓಡಾಡಿಕೊಂಡಿದ್ದರೂ ಇಲ್ಲ. ಎಡವುವುದು ಇಲ್ಲೇ. ರೀಚ್ ಜಾಸ್ತಿ ಆದಷ್ಟೂ ಶತ್ರು ನಿಮ್ಮ ಸುತ್ತ ಪುಕ್ಕಟೆ ಓಡಾಡುವ ಜಾಗವೂ ಜಾಸ್ತಿ ಆಗುತ್ತದೆ!

ಗೆಳೆಯರನ್ನು ಎಲ್ಲಿ ನಿಲ್ಲಿಸಬೇಕು

ಕಾಯಿಗಳನ್ನು ಹೀಗೆ ಜೋಡಿಸಿ ನೋಡಿ. ನೀವು ನಡುವೆ. ಓರ್ಕ್ ನಿಮ್ಮ ಎದುರಿನ ಮನೆಯಲ್ಲಿ, ಮೈಗೆ ಮೈ. ಮಾಂತ್ರಿಕ ನಿಮ್ಮ ಬೆನ್ನ ಹಿಂದೆ, ನೇರಕ್ಕೆ ಮೂರನೇ ಮನೆಯಲ್ಲಿ. ಓರ್ಕ್ ಓರೆಯಾಗಿ ನಿಮ್ಮ ಬಲಗಡೆಗೆ ಬರುತ್ತಾನೆ, ಒಂದು ಮನೆ. ಅಲ್ಲಿಂದ ಕೆಳಗೆ ಇನ್ನೊಂದು, ಮತ್ತೊಂದು. ಮೂರೇ ಹೆಜ್ಜೆ, ಮಾಂತ್ರಿಕನಿಗೆ ಓರೆಯಲ್ಲಿ ತಾಗಿಕೊಂಡು ನಿಂತಿದ್ದಾನೆ. ನಿಮ್ಮ ಕೈಲಿ ಕತ್ತಿ ಇದ್ದರೆ ಆ ಮೂರನೇ ಹೆಜ್ಜೆಗೆ ಬಿಟ್ಟಿ ಏಟು ಬೀಳುತ್ತಿತ್ತು, ಯಾಕೆಂದರೆ ಅವನು ಪಕ್ಕದ ಮನೆ ಬಿಟ್ಟು ಹೋದ. ಹ್ಯಾಲ್ಬರ್ಡ್ ಲೆಕ್ಕದಲ್ಲಿ ಅವನು ಇನ್ನೂ ಎರಡನೇ ಮನೆಯಲ್ಲೇ ಇದ್ದಾನೆ. ಹೊರಗೆ ಹೋಗಿಯೇ ಇಲ್ಲ.

ಅದೇ ಮಾಂತ್ರಿಕನನ್ನು ನಾಲ್ಕನೇ ಮನೆಗೆ ತಳ್ಳಿ. ಈಗ ಅವನನ್ನು ಮುಟ್ಟಬೇಕಾದರೆ ಓರ್ಕ್ ಇನ್ನೊಂದು ಹೆಜ್ಜೆ ಇಡಲೇಬೇಕು, ಆ ಹೆಜ್ಜೆಗೆ ನಿಮ್ಮ ಏಟು ತಿನ್ನಲೇಬೇಕು. ಒಂದೇ ಮನೆಯ ವ್ಯತ್ಯಾಸ. ಹಾಗಾಗಿ ಆಟ ಶುರುವಾಗುವ ಮೊದಲೇ ಗೆಳೆಯರಿಗೆ ಹೇಳಿಬಿಡಿ: ನನ್ನ ಹಿಂದೆ ನಿಲ್ಲೋದಾದರೆ ನಾಲ್ಕು ಮನೆ ಹಿಂದೆ ನಿಲ್ಲಿ.

ಏಟು ತಿಂದೂ ಓರ್ಕ್ ಮುಂದೆ ಹೋಗಬಹುದು, ಅದು ನಿಜ. ಅದಕ್ಕೇ ಸೆಂಟಿನೆಲ್ ಎಂಬ ಫೀಟ್, ಅಂದರೆ ಪಾತ್ರ ಆರಿಸಿಕೊಳ್ಳಬಹುದಾದ ವಿಶೇಷ ಕೌಶಲ, ಇರುವುದು. ಬಿಟ್ಟಿ ಏಟು ತಗುಲಿದರೆ ಆ ಸರದಿ ಮುಗಿಯುವ ತನಕ ಶತ್ರುವಿನ ವೇಗ ಸೊನ್ನೆ. ಏಟು ಬೀಳುವುದು ರೀಚ್ ಬಿಡುವ ಮುಂಚೆ. ಆದ್ದರಿಂದ ಅವನು ಎರಡನೇ ಮನೆಯಲ್ಲೇ ಕಂಬದ ಹಾಗೆ ನಿಲ್ಲುತ್ತಾನೆ, ಮಾಂತ್ರಿಕನಿಗೂ ಅವನಿಗೂ ಇನ್ನೂ ಒಂದು ಮನೆ ಅಂತರ. ಶತ್ರು ಡಿಸ್‌ಎಂಗೇಜ್ ಮಾಡಿಕೊಂಡು, ಅಂದರೆ ಬಿಟ್ಟಿ ಏಟು ಬೀಳದ ಹಾಗೆ ಎಚ್ಚರದಿಂದ ಹೊರಟರೂ ಸೆಂಟಿನೆಲ್ ಬಿಡುವುದಿಲ್ಲ.

ಇದಕ್ಕೆ ಪೋಲ್‌ಆರ್ಮ್ ಮಾಸ್ಟರ್ ಎಂಬ ಇನ್ನೊಂದು ಫೀಟ್ ಸೇರಿದರೆ ಶತ್ರು ರೀಚ್ ಒಳಗೆ ಬರುವಾಗಲೂ ಏಟು. ಎರಡೂ ಒಟ್ಟಿಗೆ ಇದ್ದು ಏಟು ಬಿದ್ದರೆ ಕತ್ತಿಯವನು 10 ಅಡಿ ದೂರದಲ್ಲೇ ಸಿಕ್ಕಿಕೊಂಡು ಗಾಳಿ ಬೀಸಬೇಕು. ಬಹಳ ಕಾಲ ಎಲ್ಲರೂ ಇದರ ಹಿಂದೆ ಬಿದ್ದಿದ್ದರು. ನನಗೇನೋ ಇದು ಸ್ವಲ್ಪ ಬೋರು; ಪ್ರತಿ ಕಾಳಗವೂ ಒಂದೇ ಥರ ಆಗಿಬಿಡುತ್ತದೆ. 2024ರ ಪುಸ್ತಕದಲ್ಲಿ ಒಳಗೆ ಬರುವಾಗಿನ ಏಟನ್ನು ಆಪರ್ಚುನಿಟಿ ಅಟ್ಯಾಕ್ ಅಂತ ಕರೆದಿಲ್ಲ, ಹಾಗಾಗಿ ಅಲ್ಲಿ ಈ ಜೋಡಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ.

ಒಂದು ಮಾತು ಮರೆಯಬೇಡಿ. ಬಿಟ್ಟಿ ಏಟಿಗೆ ಖರ್ಚಾಗುವುದು ರಿಯಾಕ್ಷನ್, ಅಂದರೆ ತಟ್ಟನೆ ಕೊಡುವ ಪ್ರತಿಕ್ರಿಯೆ; ಅದು ರೌಂಡಿಗೆ ಒಂದೇ. ಮೊದಲನೇ ಓರ್ಕ್‌ಗೆ ಖರ್ಚು ಮಾಡಿದರೆ ಎರಡನೆಯವನು ಸಲೀಸಾಗಿ ಹೋಗುತ್ತಾನೆ. ಟೆಲಿಪೋರ್ಟ್ ಆದವರಿಗೆ, ಯಾರೋ ತಳ್ಳಿದ್ದರಿಂದ ಸರಿದವರಿಗೆ ಬಿಟ್ಟಿ ಏಟು ಇಲ್ಲ.

ಬಾಗಿಲು ಸಿಕ್ಕರೆ

ಒಂದೇ ಮನೆ ಅಗಲದ ಬಾಗಿಲು ಸಿಕ್ಕಿತು ಅಂದರೆ ಸಾಕು, ಹೊಸಬರು ಹೋಗಿ ಬಾಗಿಲಲ್ಲೇ ನಿಲ್ಲುತ್ತಾರೆ. ಬೇಡ. ಬಾಗಿಲಿನಿಂದ ಒಳಗೆ ನೇರಕ್ಕೆ ಎರಡನೇ ಮನೆಯಲ್ಲಿ ನಿಲ್ಲಿ. ಬಾಗಿಲಲ್ಲಿ ನಿಂತವನನ್ನು ನೀವು ಹೊಡೆಯಬಹುದು, ಅವನ ಕತ್ತಿ ನಿಮಗೆ ಮುಟ್ಟುವುದಿಲ್ಲ. ಆದರೆ ಅವನು ಅಲ್ಲಿ ನಿಂತ ಅಂತ ಬಾಗಿಲು ಮುಚ್ಚಿಹೋಯಿತು ಅಂದುಕೊಳ್ಳಬೇಡಿ. ಅವನ ಕಡೆಯವರು ಅವನ ಮನೆಯ ಮೂಲಕವೇ ನುಸುಳಬಹುದು. ಆ ಮನೆಗೆ ದುಪ್ಪಟ್ಟು ನಡಿಗೆ ಖರ್ಚಾಗುತ್ತದೆ, ಅಷ್ಟೇ.

ನಡುವಿನ ಖಾಲಿ ಮನೆಗೆ ಗುರಾಣಿ ಹಿಡಿದ ಗೆಳೆಯನನ್ನು ನಿಲ್ಲಿಸಿದರೆ ಆ ದಾರಿ ಬಂದ್. ಅದಕ್ಕೂ ಬೆಲೆ ಇದೆ. ಗೆಳೆಯನ ಹೆಗಲ ಮೇಲಿಂದ ಹೊಡೆಯುವಾಗ ಶತ್ರುವಿಗೆ ಅರ್ಧ ಮರೆ, ಅಂದರೆ ಅವನ ಆರ್ಮರ್ ಕ್ಲಾಸಿಗೆ (ಏಟು ತಗುಲಲು ಮುಟ್ಟಬೇಕಾದ ಸಂಖ್ಯೆ) 2 ಜಾಸ್ತಿ. ಎಷ್ಟೋ ಟೇಬಲ್‌ಗಳಲ್ಲಿ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನಿಮ್ಮ ಡಿಎಂ ಬಿಡುವವರಾ ಅಂತ ಮೊದಲೇ ಕೇಳಿಕೊಳ್ಳಿ.

ಹೊಡೆದು ಹಿಂದೆ ಸರಿಯುವುದು

ಐದನೇ ಆವೃತ್ತಿಯಲ್ಲಿ ನಡಿಗೆಯನ್ನು ತುಂಡು ಮಾಡಬಹುದು. ಸ್ವಲ್ಪ ನಡೆದು, ಹೊಡೆದು, ಉಳಿದದ್ದನ್ನು ನಡೆಯಿರಿ. ಶತ್ರು ನಾಲ್ಕನೇ ಮನೆಯಲ್ಲಿದ್ದಾನೆ ಅನ್ನಿ. ಎರಡು ಮನೆ ಮುಂದೆ ಹೋಗಿ ಹೊಡೆಯಿರಿ, ಉಳಿದ ನಾಲ್ಕು ಮನೆ ಹಿಂದೆ ಬನ್ನಿ. ಅವನ ರೀಚ್ ಒಳಗೆ ನೀವು ಕಾಲೇ ಇಟ್ಟಿಲ್ಲ, ಹಾಗಾಗಿ ಬಿಟ್ಟಿ ಏಟಿನ ಭಯವಿಲ್ಲ. ಈಗ ಅಂತರ ಆರು ಮನೆ. ಓರ್ಕ್ ಆದರೆ ಐದು ಮನೆ ಓಡಿಬಂದು ಹೊಡೆದೇ ಹೊಡೆಯುತ್ತಾನೆ, ನಿಮ್ಮ ಕಸರತ್ತು ದಂಡ. ಜೋಂಬಿ ಆದರೆ ಕಥೆ ಬೇರೆ. ಅದರ ವೇಗ 20 ಅಡಿ. ನಾಲ್ಕು ಮನೆ ತೆವಳಿ ಎರಡು ಮನೆ ದೂರದಲ್ಲಿ ನಿಲ್ಲುತ್ತದೆ, ಸರಿಯಾಗಿ ನಿಮ್ಮ ಹ್ಯಾಲ್ಬರ್ಡ್ ತುದಿಗೆ! ಹೊಡೆಯಿರಿ, ಮತ್ತೆ ಹಿಂದೆ ಸರಿಯಿರಿ. ಬೆನ್ನಿಗೆ ಗೋಡೆ ಸಿಗುವ ತನಕ ಇದು ನಡೆಯುತ್ತದೆ. ಡ್ಯಾಶ್ ಮಾಡಿ, ಅಂದರೆ ಹೊಡೆಯುವ ಬದಲು ಇನ್ನಷ್ಟು ಓಡಿ, ಅದು ಪಕ್ಕಕ್ಕೇ ಬಂದರೂ ಆ ಸರದಿ ಹೊಡೆಯಲು ಅದಕ್ಕೆ ಆಕ್ಷನ್ ಉಳಿದಿರುವುದಿಲ್ಲ.

ಇನ್ನೊಂದು ಕಡೆ ಮಾತ್ರ ದೂರ ನಿಲ್ಲಬೇಡಿ. ಗೆಳೆಯನೊಬ್ಬ ಶತ್ರುವನ್ನು ನೆಲಕ್ಕೆ ಕೆಡವಿದಾಗ 5 ಅಡಿ ಒಳಗಿಂದ ಹೊಡೆದರೆ ಅಡ್ವಾಂಟೇಜ್ (ಎರಡು ಸಲ ಹಾಕಿದ ದಾಳದಲ್ಲಿ ಹೆಚ್ಚು ಬಿದ್ದದ್ದು), ಅದಕ್ಕಿಂತ ದೂರದಿಂದ ಹೊಡೆದರೆ ಡಿಸ್‌ಅಡ್ವಾಂಟೇಜ್. ಎರಡನೇ ಮನೆಯಲ್ಲಿ ನಿಂತು ಬಿದ್ದವನನ್ನು ಚುಚ್ಚುವುದು ಅಂದರೆ ಕೈಯಾರೆ ಸಿಕ್ಕ ಅವಕಾಶ ಹಾಳು ಮಾಡಿಕೊಂಡ ಹಾಗೆ. ಒಂದು ಹೆಜ್ಜೆ ಮುಂದೆ ಹೋಗಿ.

ಹಳೆಯ 3.5 ಆವೃತ್ತಿ ಆಡುವವರಿಗೆ ಇದೆಲ್ಲ ತಲೆಕೆಳಗು. ಅಲ್ಲಿ ಬಹುಪಾಲು ಉದ್ದ ಆಯುಧಗಳಿಂದ ಪಕ್ಕದ ಮನೆಯವನನ್ನು ಹೊಡೆಯಲು ಆಗುವುದೇ ಇಲ್ಲ. ಆದರೆ ನಿಮ್ಮ ಹಿಡಿತದ ಯಾವ ಮನೆಯನ್ನು ಬಿಟ್ಟು ಸರಿದರೂ ಏಟು, ಹತ್ತಿರ ಬರುವಾಗಲೂ ಅಷ್ಟೇ. 5 ಅಡಿಯ ಒಂದು ಸಣ್ಣ ಹೆಜ್ಜೆಗೆ ವಿನಾಯಿತಿ. ಅದಕ್ಕೇ ಆ ಆಟದಲ್ಲಿ ಉದ್ದ ಈಟಿಯವನು ಪ್ರತಿ ಸರದಿ ಒಂದು ಹೆಜ್ಜೆ ಹಿಂದೆ ಇಟ್ಟು ಹೊಡೆಯುವುದು.

ಇನ್ನು ದೈತ್ಯರು. ಹಿಲ್ ಜಯಂಟ್‌ನ ಗದೆಯೂ 10 ಅಡಿ ಮುಟ್ಟುತ್ತದೆ, ದೊಡ್ಡ ಡ್ರ್ಯಾಗನ್ ಬಾಲ 15 ಅಡಿ. ಅಂಥವರ ಎದುರು ಎರಡನೇ ಮನೆಯಲ್ಲಿ ನಿಂತರೆ ಏನೂ ಲಾಭವಿಲ್ಲ. ಓಗ್ರ್ ಕೂಡ ನೋಡಲು ದಪ್ಪ, ಆದರೆ ಅದರ ಗದೆ 5 ಅಡಿಗಿಂತ ಆಚೆ ಬರುವುದಿಲ್ಲ.