ಎದೆಕವಚದ ನಡುವಿನ ಗೆರೆ

ಗೇಮಿನ ಆ ಯೋಧೆಯ ಪಾತ್ರಕ್ಕೆ ನಾನು ಮೊದಲು ತೊಡಿಸಿದ್ದು ಎದೆಗೆ ಕಬ್ಬಿಣದ ಎರಡು ಬಟ್ಟಲು, ಒಂದು ಹೆಗಲಕವಚ, ತೊಡೆಯವರೆಗಿನ ಬೂಟು. ಹೊಟ್ಟೆ ಬಟಾಬಯಲು. ಹೀಗೇ ಮಾಡು ಅಂತ ಯಾರೂ ಹೇಳಿರಲಿಲ್ಲ. ಮಾದರಿಗೆಂದು ಚಿತ್ರಗಳನ್ನು ಕೂಡಿಸಿಟ್ಟ ರೆಫರೆನ್ಸ್ ಬೋರ್ಡಿನಲ್ಲಿ ಗಂಡು ಯೋಧರೆಲ್ಲ ಕುತ್ತಿಗೆಯಿಂದ ಪಾದದವರೆಗೆ ಕಬ್ಬಿಣದಲ್ಲಿ ಮುಳುಗಿದ್ದರು, ಹೆಂಗಸರೆಲ್ಲ ಈಜಲು ಹೊರಟವರ ಹಾಗಿದ್ದರು. ಕೈ ತಾನಾಗಿ ಅದೇ ದಾರಿ ಹಿಡಿಯಿತು. ನಾನೂ ಹೆಂಗಸೇ ಅನ್ನೋದು ಅಡ್ಡ ಬರಲಿಲ್ಲ. ಫ್ಯಾಂಟಸಿ ಗೇಮುಗಳ ಕ್ಯಾರೆಕ್ಟರ್ ಆರ್ಟಿಸ್ಟ್ ಆಗಿ ಅಷ್ಟರಲ್ಲಾಗಲೇ ಇಂಥ ಹತ್ತಾರು ಜನರನ್ನು ಮಾಡಿಕೊಟ್ಟಿದ್ದೆ.

ತಕರಾರು ಬಂದದ್ದು ರಿಗ್ಗಿಂಗ್ ಮಾಡುವ, ಅಂದರೆ ಪಾತ್ರ ಅಲುಗಾಡಲಿ ಅಂತ ಒಳಗೆ ಮೂಳೆಗಳನ್ನು ಜೋಡಿಸುವ ಹುಡುಗನಿಂದ. "ಮೇಡಂ, ಇವಳು ಎರಡೂ ಕೈಯಲ್ಲಿ ಕತ್ತಿ ಹಿಡಿದ್ರೆ ತೋಳು ಎದೆಯೊಳಗೆ ತೂರ್ತಾ ಇದೆ. ನಾನು ತೋಳು ಸಣ್ಣ ಮಾಡ್ಲಾ, ನೀವು ಎದೆ ಸಣ್ಣ ಮಾಡ್ತೀರಾ?" ಹೋಗಿ ನೋಡಿದೆ. ನಿಜ. ಕತ್ತಿ ಬೀಸಿದಾಗಲೆಲ್ಲ ಮುಂಗೈ ಕಬ್ಬಿಣದ ಬಟ್ಟಲನ್ನು ಸೀಳಿಕೊಂಡು ಆಚೆ ಬರುತ್ತಿತ್ತು. ಕತ್ತಿ ಹಿಡಿಯಲು ಆಗದವಳಿಗೆ ನಾನು ಯೋಧೆಯ ವೇಷ ಹಾಕಿದ್ದೆ.

ಸರಿಮಾಡಲು ಕೂತಾಗಲೇ ನಿಜವಾದ ಕವಚ ಹೇಗಿತ್ತು ಅಂತ ಹುಡುಕಿದ್ದು. ನಾಚಿಕೆಯ ಮಾತು, ಅಷ್ಟು ವರ್ಷ ಹುಡುಕಿರಲಿಲ್ಲ. 15ನೇ ಶತಮಾನದ ಯುರೋಪಿನ ಎದೆಕವಚ ಒಂದೇ ಉಬ್ಬು. ಕೆಲವಕ್ಕೆ ನಡುವೆ ದೋಣಿಯ ತಳದ ಹಾಗೆ ಏಣು ಇರುತ್ತೆ, ಬಿದ್ದ ಹೊಡೆತ ಪಕ್ಕಕ್ಕೆ ಜಾರಲಿ ಅಂತ. ನಾನು ಆ ಏಣು ಇರಬೇಕಾದ ಜಾಗದಲ್ಲೇ ಕಣಿವೆ ಕೊರೆದಿದ್ದೆ. ಈಟಿಯ ಮೊನೆ ಯಾವ ಬಟ್ಟಲಿಗೆ ತಗುಲಿದರೂ ಒಳಕ್ಕೆ ಜಾರಿ ನೇರ ಎದೆಮೂಳೆಯ ಮೇಲೆ! ಇನ್ನು ಕವಚದ ಒಳಗೆ ಬಟ್ಟೆ ತುಂಬಿ ಹೊಲಿದ ದಪ್ಪ ಅಂಗಿ ತೊಡುತ್ತಿದ್ದರು. ಅದನ್ನು ತೊಟ್ಟ ಮೇಲೆ ಒಳಗಿನ ಮೈಯ ಆಕಾರ ಹೊರಗೆ ಕಾಣುವ ಮಾತೇ ಇಲ್ಲ. ಪೂರ್ತಿ ಕವಚ 15ರಿಂದ 25 ಕಿಲೋ ತೂಗುತ್ತೆ. ಭಾರವೆಲ್ಲ ಹೆಗಲ ಮೇಲೇ ಬೀಳದೆ ಸ್ವಲ್ಪ ಸೊಂಟಕ್ಕೂ ಇಳಿಯಲಿ ಅಂತ ನಡುವನ್ನು ಬಿಗಿ ಮಾಡುತ್ತಿದ್ದರು. ಹಾಗಾಗಿ ಅಂದಿನ ಗಂಡಸರ ಕವಚವೂ ಸಣ್ಣ ನಡುವಿನದೇ. "ಹೆಣ್ಣು ಅಂತ ಗೊತ್ತಾಗಬೇಕಲ್ಲ" ಅನ್ನುವ ಆರ್ಟ್ ಡೈರೆಕ್ಟರಿಗೆ ಈ ಒಂದು ಚಿತ್ರ ತೋರಿಸಿದರೆ ಅರ್ಧ ವಾದ ಮುಗಿಯುತ್ತೆ.

ಒಂದು ವಾರ ಕೂತು ಹೊಸ ಕವಚ ಮಾಡಿದೆ. ಒಂದೇ ಉಬ್ಬು, ಒಳಗೆ ದಪ್ಪ ಅಂಗಿ, ಹೊಟ್ಟೆ ಮುಚ್ಚುವ ಪಟ್ಟಿಗಳು, ಬಿಗಿಯಾಗಿ ಕಟ್ಟಿದ ಜಡೆ. ಭಾರೀ ಹೆಮ್ಮೆಯಿಂದ ಗೇಮ್ ಓಡಿಸುವ ಎಂಜಿನ್‌ಗೆ ಹಾಕಿ ಪ್ಲೇ ಒತ್ತಿದೆ.

ಅವಳು ಹಾಗೇ ಇದ್ದಳು.

ಎದೆ ಕುಲುಕಲಿ ಅಂತ ಹಾಕಿದ್ದ ಸ್ಪ್ರಿಂಗ್ ಬೋನುಗಳು ಹಳೆ ರಿಗ್ಗಿನಲ್ಲೇ ಉಳಿದಿದ್ದವು. ಓಡಿದರೆ ಮೂರು ಮಿಲಿಮೀಟರ್ ದಪ್ಪದ ಉಕ್ಕು ಹಲ್ವಾ ಥರ ಕುಲುಕುತ್ತಿತ್ತು. ಇಡೀ ಟೀಮು ನಕ್ಕಿತು, ನಾನೂ ನಕ್ಕೆ. ಆದರೆ ಐಡಲ್ ಅನಿಮೇಷನ್ ನೋಡಿ ಯಾರೂ ನಗಲಿಲ್ಲ, ಅದು ಎಲ್ಲರಿಗೂ ಅಭ್ಯಾಸವಾಗಿ ಹೋಗಿತ್ತು. ಆಟಗಾರ ಏನೂ ಒತ್ತದೆ ಕೂತಾಗ ಗಂಡು ಯೋಧ ಕತ್ತಿಯ ಮೊನೆ ಪರೀಕ್ಷಿಸುತ್ತಾನೆ, ಅತ್ತಿತ್ತ ನೋಡುತ್ತಾನೆ. ಇವಳು ಒಂದು ಕಾಲಿನ ಮೇಲೆ ಭಾರ ಹಾಕಿ ಸೊಂಟ ಓರೆ ಮಾಡುತ್ತಾಳೆ. ಬೆನ್ನು ಎಷ್ಟು ಬಳುಕುತ್ತೆ ಅಂದರೆ ಎದೆ, ಹಿಂಭಾಗ ಎರಡೂ ಒಂದೇ ಸಲಕ್ಕೆ ಕ್ಯಾಮೆರಾಕ್ಕೆ ಸಿಗುತ್ತವೆ. ಯುದ್ಧಭೂಮಿಯ ನಡುವೆ ನಿಂತು ಕೂದಲು ಸರಿಮಾಡಿಕೊಳ್ಳುತ್ತಾಳೆ. ಪಾತ್ರ ಆರಿಸುವ ಸ್ಕ್ರೀನಿನಲ್ಲಂತೂ ಕ್ಯಾಮೆರಾ ಬೂಟಿನಿಂದ ಶುರುವಾಗಿ ತೊಡೆ, ಸೊಂಟ, ಎದೆ ಅಂತ ನಿಧಾನಕ್ಕೆ ಹತ್ತಿ ಕೊನೆಗೆ ಮುಖಕ್ಕೆ ಬರುತ್ತಿತ್ತು. ಗಂಡು ಪಾತ್ರಕ್ಕೆ ಅದೇ ಸ್ಕ್ರೀನಿನಲ್ಲಿ ಮೊದಲ ಫ್ರೇಮೇ ಮುಖ. ಸಿನಿಮಾ ಹೆಣ್ಣನ್ನು ಗಂಡಿನ ಕಣ್ಣಿಂದಲೇ ನೋಡುತ್ತದೆ ಅಂತ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲೇ ಬರೆದಿದ್ದರು. ನಮ್ಮಲ್ಲಿ ಆ ಕಣ್ಣು ಒಂದು ಕ್ಯಾಮೆರಾ ಫೈಲಿನಲ್ಲಿ ಕೀಫ್ರೇಮುಗಳಾಗಿ, ಅಂದರೆ ಎಲ್ಲಿಂದ ಎಲ್ಲಿಗೆ ಚಲಿಸಬೇಕು ಅನ್ನುವ ಗುರುತುಗಳಾಗಿ ಕೂತಿತ್ತು. ತೆಗೆದು ನೋಡಬಹುದಿತ್ತು, ಯಾರೂ ನೋಡಿರಲಿಲ್ಲ.

ಸ್ಪ್ರಿಂಗ್ ಬೋನ್ ಅಳಿಸುವುದು ಐದು ನಿಮಿಷದ ಕೆಲಸ. ಐಡಲ್‌ಗೆ ಮೊದಲು ಗಂಡು ಪಾತ್ರದ ಅನಿಮೇಷನ್ನನ್ನೇ ರಿಟಾರ್ಗೆಟ್ ಮಾಡಿ ಅವಳ ಮೈಗೆ ಕೂರಿಸಿದೆವು. ಹೊಂದಲಿಲ್ಲ, ಅವಳ ಹೆಗಲು ಕಿರಿದು, ಕೈಗಳು ಸೊಂಟದೊಳಗೆ ಹೋದವು. ಅನಿಮೇಟರ್ ಹೊಸದಾಗಿ ಮಾಡಿದಳು: ಎರಡೂ ಕಾಲಿನ ಮೇಲೆ ಭಾರ, ಒಂದು ಕೈ ಕತ್ತಿಯ ಹಿಡಿಯ ಮೇಲೆ, ನಡುನಡುವೆ ಕವಚದ ಪಟ್ಟಿ ಹೆಗಲಿಗೆ ಕೊರೆದಂತಾಗಿ ಹೆಗಲು ಕೊಡವಿ ಸರಿಮಾಡಿಕೊಳ್ಳೋದು. ಆ ಒಂದು ಕೊಡವಿನಲ್ಲಿ ಅವಳಿಗೆ ತೂಕ ಬಂತು, ದಣಿವು ಬಂತು. ನನ್ನ ಒಂದು ವಾರದ ಕವಚ ಕೊಡದೆ ಇದ್ದದ್ದನ್ನು ಅದು ಕೊಟ್ಟಿತು. ಹಿಂದಿನಿಂದ ನೋಡುವ ಕ್ಯಾಮೆರಾ ಅವಳ ಸೊಂಟಕ್ಕೆ ಗುರಿಯಿಟ್ಟಿತ್ತು, ಅದನ್ನು ಹೆಗಲಿಗೆ ಏರಿಸಿದೆವು.

ಅಂದಿನಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹೆಣ್ಣು ಪಾತ್ರದ ಪ್ರತಿ ಭಂಗಿಯನ್ನೂ ಗಡ್ಡದ ಯೋಧನ ಮೇಲೆ ಹಾಕಿ ಟೀಮಿಗೆ ತೋರಿಸುತ್ತೇನೆ. ನಗು ಬಂದರೆ ಭಂಗಿ ವಾಪಸ್. ಇದು ನನ್ನ ಸ್ವಂತ ಬುದ್ಧಿಯಲ್ಲ. 2012ರಲ್ಲಿ ಕಾಮಿಕ್ಸ್ ಪ್ರಿಯರು ಹಾಕೈ ಎಂಬ ಗಂಡು ಪಾತ್ರವನ್ನು ನಾಯಕಿಯರ ಭಂಗಿಗಳಲ್ಲಿ ಬರೆದು ಊರೆಲ್ಲ ನಗಿಸಿದ್ದರು, ಅಲ್ಲಿಂದ ಕದ್ದದ್ದು. "ಗಂಡಸರೂ ಬರಿಮೈಯಲ್ಲೇ ಇರ್ತಾರಲ್ಲ" ಅನ್ನುವವರಿಗೂ ನನ್ನ ಹತ್ತಿರ ಇರೋ ಉತ್ತರ ಇದೇ. ಬರಿಮೈಯ ಬರ್ಬರ ಯೋಧನನ್ನು ನೋಡಿದ ಹುಡುಗ ಅವನಂತೆ ಆಗಬೇಕು ಅಂದುಕೊಳ್ಳುತ್ತಾನೆ. ಅಲ್ಲಿ ತೋರಿಸುತ್ತಿರೋದು ಬಲವನ್ನು.

ಹಾಗಂತ ಎಲ್ಲರಿಗೂ ಬಟ್ಟೆ ಹೊದಿಸಿ ಕೂರಿಸುವ ಪಕ್ಷದವಳಲ್ಲ ನಾನು. 2009ರ ಗೇಮಿನ ನಾಯಕಿ ಬೇಯೊನೆಟ್ಟಾಳನ್ನು ರೂಪಿಸಿದ್ದು ಮಾರಿ ಶಿಮಜಾಕಿ ಎಂಬ ಹೆಂಗಸು. ಆ ಪಾತ್ರದ ಬಟ್ಟೆ ಅವಳದೇ ಕೂದಲು, ದೊಡ್ಡ ಹೊಡೆತ ಹೊಡೆಯುವಾಗ ಕಳಚಿ ಆಯುಧವಾಗುತ್ತೆ. ಅವಳು ಕ್ಯಾಮೆರಾವನ್ನು ಆಟವಾಡಿಸುತ್ತಾಳೋ, ಕ್ಯಾಮೆರಾ ಅವಳನ್ನೋ ಅಂತ ನನಗೆ ಇನ್ನೂ ಬಗೆಹರಿದಿಲ್ಲ. ಆಡುವಾಗ ಮಜಾ ಬಂದದ್ದಂತೂ ಸುಳ್ಳಲ್ಲ. ಇನ್ನೊಂದು ಕಡೆ ಯೋಧೆ ರೆಡ್ ಸೋನ್ಯಾಳನ್ನು ನೋಡಿ. 1973ರಲ್ಲಿ ಕಾಮಿಕ್ಸಿಗೆ ಬಂದಾಗ ಅವಳು ತೊಟ್ಟಿದ್ದು ಉಕ್ಕಿನ ಬಳೆ ಹೆಣೆದ ಅಂಗಿ. ಚಿತ್ರಕಾರ ಎಸ್ತೇಬಾನ್ ಮರೋತೊ ಅವಳಿಗೆ ಉಕ್ಕಿನ ಬಿಕಿನಿ ಬರೆದ ಮೇಲೆ ಅದೇ ಅವಳ ಗುರುತಾಯಿತು. ನನ್ನ ಬೋರ್ಡಿನಲ್ಲಿದ್ದ ಅರ್ಧ ಚಿತ್ರಗಳು ಆ ಬಿಕಿನಿಯ ಮೊಮ್ಮಕ್ಕಳು.

ನಮ್ಮ ಗೇಮು ಹೊಸ ಕವಚದಲ್ಲೇ ಬಿಡುಗಡೆಯಾಯಿತು. ಬಿಡುಗಡೆಗೆ ಎರಡು ವಾರ ಮುಂಚೆ ಹೊರಗಿನವರು ಮಾಡಿಕೊಟ್ಟ ಪೋಸ್ಟರ್ ಮೇಲ್‌ನಲ್ಲಿ ಬಂತು. ನನ್ನದೇ ಕವಚ, ನನ್ನದೇ ಜಡೆ, ಸವೆದ ತೊಗಲಿನ ಪಟ್ಟಿ ಕೂಡ ಹಾಗೇ ಇತ್ತು. ಝೂಮ್ ಮಾಡಿದೆ. ಉಬ್ಬಿನ ನಡುವೆ ಯಾರೋ ಮೆತ್ತನೆಯ ಬ್ರಷ್ಷಿನಲ್ಲಿ ಒಂದು ನೆರಳಿನ ಗೆರೆ ಎಳೆದು ಒಂದನ್ನು ಎರಡು ಮಾಡಿದ್ದರು. ಅದರ ಮೇಲೆ ಕೆಂಪು ವೃತ್ತ ಹಾಕಿ "ಈ ಗೆರೆ ಮಾಡೆಲಿನಲ್ಲಿ ಇಲ್ಲ" ಅಂತ ಬರೆದು ವಾಪಸ್ ಕಳಿಸಿದೆ. "ಪ್ರಿಂಟಿಗೆ ಹೋಗಿದೆ" ಅಂತ ಉತ್ತರ ಬಂತು.