ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಸಹಿ ಹಾಕುವ ಮುನ್ನ

ತೂಕ ಇಳಿಸಲು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೆಂದು ರಾಯಚೂರು ಸೀಮೆಯಿಂದ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವವರು ಖರ್ಚು ಕೇಳುವ ಮೊದಲೇ ಇನ್ನೊಂದನ್ನು ಕೇಳಬೇಕು. ಊರಿಗೆ ಮರಳಿದ ಮೇಲೆ ನಡುರಾತ್ರಿ ಹೊಟ್ಟೆನೋವು ಬಂದರೆ ಯಾರಿಗೆ ಫೋನ್ ಮಾಡಬೇಕು, ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು? ಉತ್ತರವನ್ನು ಬರೆಸಿಕೊಳ್ಳಿ.

ಶಸ್ತ್ರಚಿಕಿತ್ಸೆ ನಿಮಗೆ ಬೇಕೇ ಎಂಬುದಕ್ಕೆ ಒಂದು ಲೆಕ್ಕವಿದೆ. ತೂಕವನ್ನು (ಕೆ.ಜಿ.) ಎತ್ತರದಿಂದ (ಮೀಟರ್) ಎರಡು ಸಲ ಭಾಗಿಸಿ. 1.6 ಮೀಟರ್ ಎತ್ತರದವರ ತೂಕ 96 ಕೆ.ಜಿ. ಇದ್ದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 37.5. ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆ ಎಂಬುದು ನಮ್ಮಲ್ಲಿ ವೈದ್ಯರು ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಮಿತಿ. ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದರೆ 32.5. ಈಚಿನ ಮಾರ್ಗಸೂಚಿಗಳು ಇದಕ್ಕಿಂತ ಕಡಿಮೆ ಇದ್ದರೂ ಒಪ್ಪುತ್ತವೆ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ತೂಕ ಇಳಿಸುವ ಶಸ್ತ್ರಚಿಕಿತ್ಸೆಗಳ ಸಾಲಿಗೆ ಸೇರುವುದಿಲ್ಲ.

ಇನ್ನು ಯಾವ ಬಗೆಯ ಶಸ್ತ್ರಚಿಕಿತ್ಸೆ ಎಂಬ ಆಯ್ಕೆ. ‘ಸ್ಲೀವ್’ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ತೆಗೆದದ್ದು ಮತ್ತೆ ಬರುವುದಿಲ್ಲ. ಎದೆಯುರಿ ಇರುವವರಿಗೆ ಅದು ಹೆಚ್ಚಾಗಬಹುದು, ಅಂಥವರು ‘ಬೈಪಾಸ್’ ಬಗ್ಗೆ ಕೇಳುವುದು ಮೇಲು. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಸಕ್ಕರೆ ಕಾಯಿಲೆಗೆ ಇದರಿಂದ ಒಳ್ಳೆಯ ಫಲವಿದೆ. ಆದರೆ ಹೋಳಿಗೆ ತಿಂದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಬೀಡಿ, ಸಿಗರೇಟು ಕೂಡ ಅಷ್ಟೇ. ಅವನ್ನು ಶಸ್ತ್ರಚಿಕಿತ್ಸೆಗೆ ವಾರಗಳ ಮೊದಲೇ ಬಿಡಬೇಕು.

ಹೊಲಿಗೆಯಲ್ಲಿ ಸೋರಿಕೆ ಅಪರೂಪ, ಆದರೆ ಪ್ರಾಣಕ್ಕೇ ಕುತ್ತು. ಜ್ವರ, ನಾಡಿ ಒಂದೇ ಸಮನೆ ಜೋರಾಗಿ ಬಡಿಯುವುದು, ಹೊಟ್ಟೆನೋವು, ಎಡಭುಜದ ನೋವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು ಮತ್ತೊಂದು ಅಪಾಯ. ಆದ್ದರಿಂದಲೇ ಅಂದೇ ಎಬ್ಬಿಸಿ ನಡೆಸುತ್ತಾರೆ. ಊರಿಗೆ ಮರಳುವಾಗಲೂ ಕಾರು ನಿಲ್ಲಿಸಿ ಆಗಾಗ ನಾಲ್ಕು ಹೆಜ್ಜೆ ನಡೆಯಿರಿ.

ನಮ್ಮ ಬಿಸಿಲಿನ ವಿಷಯ ದೂರದ ವೈದ್ಯರಿಗೆ ನೀವೇ ನೆನಪಿಸಬೇಕು. ಮೊದಲ ವಾರಗಳಲ್ಲಿ ನೀರನ್ನು ಗಟಗಟನೆ ಕುಡಿಯಲಾಗದು, ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಿರಬೇಕು. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ದೇಹ ಒಣಗಿ ಆಸ್ಪತ್ರೆ ಸೇರಬೇಕಾದೀತು. ತುರ್ತಿಲ್ಲದಿದ್ದರೆ ಚಳಿಗಾಲಕ್ಕೆ ದಿನ ಗೊತ್ತು ಮಾಡಿಕೊಳ್ಳಿ. ಸುಮಾರು ಎರಡು ವಾರ ತಿಳಿಮಜ್ಜಿಗೆ, ಬೇಳೆಕಟ್ಟಿನಂಥ ದ್ರವಾಹಾರ. ಆಮೇಲೆ ನುಣ್ಣಗೆ ಅರೆದದ್ದು, ಮೆತ್ತನೆಯದು. ಖಡಕ್ ಜೋಳದ ರೊಟ್ಟಿಯ ಆಸೆಗೆ ಬೀಳಬೇಡಿ, ಒಣ ತುಣುಕು ಸಿಕ್ಕಿಕೊಂಡು ವಾಂತಿಯಾಗುತ್ತದೆ.

ಬಿ12, ಕಬ್ಬಿಣ, ಕ್ಯಾಲ್ಸಿಯಂ ಪೂರಕಗಳನ್ನು ಜೀವನಪೂರ್ತಿ ಬಿಡುವಂತಿಲ್ಲ. ವರ್ಷಕ್ಕೊಮ್ಮೆಯ ರಕ್ತಪರೀಕ್ಷೆಯನ್ನು ಊರಲ್ಲೇ ಮಾಡಿಸಿ, ವರದಿಯನ್ನು ಶಸ್ತ್ರಚಿಕಿತ್ಸಕರಿಗೆ ಕಳಿಸಬಹುದು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಮನೆಯ ಹಿರಿಯರಿಗೂ ಇದನ್ನು ಮೊದಲೇ ತಿಳಿಸಿಬಿಡಿ.