ಲಾಗ್ ಲೆವೆಲ್ ಬದಲಾಯ್ತು, ಲಾಗ್ ಮಾತ್ರ ಬರಲಿಲ್ಲ

ನಮ್ಮದು ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿ ಬರೆದ ಬುಕಿಂಗ್ ಅಪ್ಲಿಕೇಶನ್. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ಮೂರು ಪಾಡ್‌ಗಳಾಗಿ, ಅಂದರೆ ಒಂದೇ ಅಪ್ಲಿಕೇಶನ್‌ನ ಮೂರು ಪ್ರತಿಗಳಾಗಿ, ಓಡುತ್ತದೆ. ಲಾಗಿಂಗ್‌ಗೆ, ಅಂದರೆ ಒಳಗೇನು ನಡೆಯಿತೆಂದು ಬರೆದಿಡಲು, ಲಾಗ್‌ಬ್ಯಾಕ್ ಲೈಬ್ರರಿ. ಪಾವತಿ ಏನಾಯ್ತೆಂದು ಪೇಮೆಂಟ್ ಗೇಟ್‌ವೇ ಕಳಿಸುವ ಕಾಲ್‌ಬ್ಯಾಕ್‌ಗಳಲ್ಲಿ ಕೆಲವನ್ನು ಮಾತ್ರ ನಮ್ಮ ಕೋಡ್ ತಿರಸ್ಕರಿಸುತ್ತಿತ್ತು. ಲಾಗ್‌ನಲ್ಲಿ ಸಿಗುತ್ತಿದ್ದದ್ದು ‘ಸಿಗ್ನೇಚರ್ ಮಿಸ್‌ಮ್ಯಾಚ್’, ಅಂದರೆ ಬಂದ ಸಹಿಯೂ ನಾವು ಲೆಕ್ಕ ಹಾಕಿದ ಸಹಿಯೂ ಹೊಂದಲಿಲ್ಲ ಎಂಬ ಒಂದೇ ಸಾಲು. ಏಕೆ, ಏನು, ಒಂದೂ ಇಲ್ಲ. ಲಾಗ್ ಲೆವೆಲ್ ಎಂದರೆ ಎಷ್ಟು ವಿವರ ಬರೆಯಬೇಕೆಂಬ ಮಟ್ಟ. ಇನ್ಫೋದಲ್ಲಿ ಸಾಮಾನ್ಯ ಸುದ್ದಿ, ಅದಕ್ಕಿಂತ ಕೆಳಗಿನ ಡೀಬಗ್‌ನಲ್ಲಿ ಇನ್ನೂ ಹೆಚ್ಚಿನ ವಿವರ. ನನಗೆ ಡೀಬಗ್ ಲಾಗ್ ಬೇಕಿತ್ತು, ಆದರೆ ಹಾಡುಹಗಲೇ ರೀಸ್ಟಾರ್ಟ್ ಮಾಡುವ ಹಾಗಿರಲಿಲ್ಲ.

ಇಂಥ ಹೊತ್ತಿಗೆಂದೇ ಸ್ಪ್ರಿಂಗ್ ಬೂಟ್‌ನ ನಿಗಾ ಭಾಗವಾದ ಆಕ್ಚುಯೇಟರ್‌ನಲ್ಲಿ ಲಾಗರ್ಸ್ ಎಂಡ್‌ಪಾಯಿಂಟ್ ಇದೆ, ಓಡುತ್ತಿರುವಾಗಲೇ ಲೆವೆಲ್ ನೋಡಲು, ಬದಲಿಸಲು ಇರುವ ವೆಬ್ ವಿಳಾಸ. ಪೇಮೆಂಟ್ ಪ್ಯಾಕೇಜಿನ ಹೆಸರು ಕೊಟ್ಟು, ಲೆವೆಲ್ ಡೀಬಗ್ ಎಂದು ಪೋಸ್ಟ್ ಮಾಡಿದೆ. 204 ಬಂತು, ‘ಆಯ್ತು, ಹೇಳಲು ಬೇರೇನಿಲ್ಲ’ ಎಂಬ ಎಚ್‌ಟಿಟಿಪಿ ಉತ್ತರ. ಲಾಗ್ ನೋಡಿದರೆ ಅದೇ ಹಳೇ ಕಥೆ.

ಈ 204 ನಂಬುವ ಹಾಗಿಲ್ಲ. ಲಾಗರ್ (ಪ್ಯಾಕೇಜ್ ಅಥವಾ ಕ್ಲಾಸ್ ಹೆಸರಿನಲ್ಲಿ ಲಾಗ್ ಸಾಲು ಕಳಿಸುವ ಘಟಕ) ಹೆಸರಲ್ಲಿ ಒಂದಕ್ಷರ ತಪ್ಪಿದ್ದರೂ ಲಾಗ್‌ಬ್ಯಾಕ್ ಆ ಹೆಸರಿನ ಹೊಸ ಲಾಗರ್ ಹುಟ್ಟಿಸಿ ಸುಮ್ನೆ ಇರುತ್ತದೆ, ಉತ್ತರ ಆಗಲೂ 204. ಹಾಗಾಗಿ ಹೆಸರು ಸರಿಯಿದೆಯೇ ನೋಡಿಕೊಂಡು, ಈಗಿನ ಲೆವೆಲ್ ಕೇಳಲು ಗೆಟ್ ಕಳಿಸಿದೆ. ‘ಎಫೆಕ್ಟಿವ್ ಲೆವೆಲ್’ ಒಮ್ಮೆ ಡೀಬಗ್ ಎಂದಿತು, ಮತ್ತೊಮ್ಮೆ ಇನ್ಫೋ ಎಂದಿತು. ಗುಟ್ಟು ಗೊತ್ತಾಯ್ತಲ್ವಾ? ನನ್ನ ಪೋಸ್ಟ್, ಪಾಡ್‌ಗಳಿಗೆ ವಿನಂತಿ ಹಂಚುವ ಸರ್ವಿಸ್ ಮೂಲಕ ಹೋಗಿ ಯಾವುದೋ ಒಂದು ಪಾಡ್‌ಗೆ ಬಿದ್ದಿತ್ತು. ಲೆವೆಲ್ ಇರುವುದು ಆಯಾ ಪಾಡ್‌ನಲ್ಲಿ ಜಾವಾ ಕೋಡ್ ಓಡಿಸುವ ಜೆವಿಎಂನ ಮೆಮೊರಿಯಲ್ಲಿ, ಪಕ್ಕದ ಪಾಡ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ಕುಬರ್ನೆಟಿಸ್‌ನ ಕಮಾಂಡ್ ಆದ ಕೂಬ್‌ಸಿಟಿಎಲ್‌ನಿಂದ ಪೋರ್ಟ್ ಫಾರ್ವರ್ಡ್ ಮಾಡಿ ಒಂದೊಂದು ಪಾಡ್‌ಗೂ ನೇರವಾಗಿ ಪೋಸ್ಟ್ ಮಾಡಿದೆ. ಈಗ ಮೂರೂ ಡೀಬಗ್ ಎಂದವು.

ಆದರೂ ಒಂದೂ ಡೀಬಗ್ ಸಾಲಿಲ್ಲ.

ಲಾಗರ್ ಸಾಲನ್ನು ಬಿಟ್ಟರೂ, ಅದನ್ನು ಕನ್ಸೋಲ್‌ಗೋ ಫೈಲ್‌ಗೋ ಬರೆಯುವ ಅಪೆಂಡರ್ ಬಿಡಬೇಕಲ್ಲ. ಲಾಗ್‌ಬ್ಯಾಕ್‌ನ ಸೆಟ್ಟಿಂಗ್ ಫೈಲ್ ತೆರೆದರೆ ಕನ್ಸೋಲ್ ಅಪೆಂಡರ್ ಮೇಲೆ ಥ್ರೆಶೋಲ್ಡ್ ಫಿಲ್ಟರ್ ಕೂತಿತ್ತು, ಇನ್ಫೋಗಿಂತ ಕೆಳಗಿನದೆಲ್ಲ ಅಲ್ಲೇ ಕಸಕ್ಕೆ. ಲಾಗ್ ಸಂಗ್ರಹದ ಬಿಲ್ ಜಾಸ್ತಿ ಬರುತ್ತದೆಂದು ಯಾರೋ ಹಿಂದೆ ಹಾಕಿದ್ದು. ಲಾಗರ್ಸ್ ಎಂಡ್‌ಪಾಯಿಂಟ್ ಈ ಫಿಲ್ಟರನ್ನು ಮುಟ್ಟುವುದೂ ಇಲ್ಲ, ತೋರಿಸುವುದೂ ಇಲ್ಲ. ಪುಣ್ಯಕ್ಕೆ ಪಾಡ್ ಒಳಗೇ ಬರೆಯುವ ರೋಲಿಂಗ್ ಫೈಲ್ ಅಪೆಂಡರ್ ಒಂದಿತ್ತು, ಅದಕ್ಕೆ ಫಿಲ್ಟರ್ ಇರಲಿಲ್ಲ. ಪಾಡ್ ಒಳಗೆ ಹೋಗಿ ಆ ಫೈಲನ್ನು ಟೇಲ್ ಮಾಡಿದರೆ ಡೀಬಗ್ ಸಾಲುಗಳು ದಬದಬ ಬೀಳುತ್ತಿದ್ದವು. ಸಿಟ್ಟಿಗೆ ಎಲ್ಲ ಲಾಗರ್‌ಗಳ ಮೇಲಿರುವ ರೂಟ್ ಲಾಗರನ್ನೇ ಡೀಬಗ್‌ಗೆ ತಿರುಗಿಸುವವರಿದ್ದಾರೆ. ದಯವಿಟ್ಟು ಬೇಡ. ಅಪಾಚೆ ಎಚ್‌ಟಿಟಿಪಿ ಕ್ಲೈಂಟ್‌ನಂಥ ಲೈಬ್ರರಿಗಳು ಡೀಬಗ್‌ನಲ್ಲಿ ಹೆಡರ್‌ಗಳನ್ನೂ ಬರೆಯುತ್ತವೆ, ಗುಟ್ಟಾಗಿರಬೇಕಾದ ಟೋಕನ್‌ಗಳೆಲ್ಲ ಫೈಲ್‌ಗೆ ಬಂದು ಕೂರುತ್ತವೆ.

ಇಷ್ಟಾದರೂ ನನಗೆ ಬೇಕಾದ ಕ್ಲಾಸ್ ಮಾತ್ರ ಬಾಯಿ ಬಿಡಲಿಲ್ಲ. ಸಿಗ್ನೇಚರ್ ಪರೀಕ್ಷಿಸುವ ಆ ಕ್ಲಾಸ್ ಹಳೆಯ ಜಾವಾ ಲೈಬ್ರರಿಯ ಜಾರ್‌ ಫೈಲ್‌ನದ್ದು. ಕೋಡ್ ತೆಗೆದು ನೋಡಿದೆ. ‘ಈಸ್ ಡೀಬಗ್ ಎನೇಬಲ್ಡ್’ ಎಂದು ಕೇಳಿ ಬಂದ ಉತ್ತರವನ್ನು ಸ್ಟಾಟಿಕ್ ಫೈನಲ್ ಬೂಲಿಯನ್‌ನಲ್ಲಿ ಇಟ್ಟುಕೊಂಡಿತ್ತು. ಅಂದರೆ ಕ್ಲಾಸ್ ಲೋಡ್ ಆದಾಗ ಒಮ್ಮೆ ಕೇಳಿದ್ದೇ ಕೇಳಿದ್ದು. ಆಮೇಲೆ ನೀವು ಲೆವೆಲ್ ಏನು ಮಾಡಿದರೂ ಅದು ತಿರುಗಿ ನೋಡುವುದಿಲ್ಲ. ಒಂದು ಕಾಲದಲ್ಲಿ ವೇಗಕ್ಕೆಂದು ಹೀಗೆ ಬರೆಯುತ್ತಿದ್ದರು. ಓಡುತ್ತಿರುವಾಗ ಲೆವೆಲ್ ಬದಲಾಗಬಹುದೆಂದು ಅವರು ಯೋಚಿಸಿಯೇ ಇಲ್ಲ.

ಇದಕ್ಕೆ ಎಂಡ್‌ಪಾಯಿಂಟ್‌ನಲ್ಲಿ ಮದ್ದಿಲ್ಲ. ಹಾಗಾಗಿ ಓಡುತ್ತಿರುವ ಪಾಡ್‌ಗಳನ್ನು ಮುಟ್ಟದೆ, ಸರ್ವಿಸ್ ಹುಡುಕುವ ಲೇಬಲನ್ನೇ ಕೊಟ್ಟು ಇನ್ನೊಂದು ಡಿಪ್ಲಾಯ್‌ಮೆಂಟ್‌ನಲ್ಲಿ ಒಂದೇ ಒಂದು ಪಾಡ್ ಎಬ್ಬಿಸಿದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಆ ಪ್ಯಾಕೇಜಿಗೆ ಮೊದಲೇ ಡೀಬಗ್. ಕ್ಲಾಸ್ ಲೋಡ್ ಆಗುವ ಹೊತ್ತಿಗೆ ಲೆವೆಲ್ ಸಿದ್ಧ. ಎಡವುವ ಕಾಲ್‌ಬ್ಯಾಕ್ ಈ ಪಾಡ್‌ಗೇ ಬೀಳಲಿ ಎಂದು ಕಾಯುವುದಷ್ಟೇ ಬಾಕಿ. ಬಿತ್ತು. ಮೊಬೈಲ್ ನಂಬರನ್ನು +91 ಹಾಕಿ ತುಂಬಿದವರ ಪೇಮೆಂಟ್ ಅದು. ಫಾರ್ಮ್ ಡೀಕೋಡ್ ಆಗುವಾಗ ಪ್ಲಸ್ ಹೋಗಿ ಸ್ಪೇಸ್ ಆಗಿತ್ತು, ಅದರ ಮೇಲೆ ಸಿಗ್ನೇಚರ್‌ನ ಹ್ಯಾಶ್ ಲೆಕ್ಕ ಹಾಕಿದರೆ ಹೊಂದುವುದು ಎಲ್ಲಿಂದ?

ಕೆಲಸ ಮುಗಿದ ಮೇಲೆ ಲೆವೆಲನ್ನು ಮೊದಲಿನಂತೆ ಮಾಡುವಾಗ ಇನ್ಫೋ ಎಂದು ಪೋಸ್ಟ್ ಮಾಡಲಿಲ್ಲ, ‘ಏನೂ ಇಲ್ಲ’ ಎನ್ನುವ ನಲ್ ಕಳಿಸಿದೆ. ಇನ್ಫೋ ಎಂದರೆ ಆ ಪ್ಯಾಕೇಜ್ ಅಲ್ಲಿಗೇ ಅಂಟಿಕೊಳ್ಳುತ್ತದೆ. ನಲ್ ಎಂದರೆ ಮತ್ತೆ ಮೇಲಿನ ಲಾಗರಿನ ಲೆವೆಲ್ ಪಡೆಯುತ್ತದೆ. ಒಂದು ವಿಷಯ, ಪ್ರಾಪರ್ಟೀಸ್ ಫೈಲ್‌ನಲ್ಲಿ ಆ ಪ್ಯಾಕೇಜಿಗೆ ನೀವೇ ಲೆವೆಲ್ ಬರೆದಿದ್ದರೆ ನಲ್ ಅದನ್ನು ವಾಪಸ್ ತರುವುದಿಲ್ಲ. ಆಗ ಹಳೇ ಲೆವೆಲನ್ನು ಕೈಯಾರೆ ಪೋಸ್ಟ್ ಮಾಡಬೇಕು, ಅದೂ ಪ್ರತಿ ಪಾಡ್‌ಗೂ.